ಬೆಕ್ಕಿನ ಗೋಪುರ

ಮನೆಯಿಂದ ಆಚೆ ಕಾಲಿಡದ ಬೆಕ್ಕಿಗೆ ಹತ್ತಿ ಆಡಲು ಆರಡಿ ಎತ್ತರದ ಮರದ ಗೋಪುರ ಬೇಕಿತ್ತು. ಸಿದ್ಧವಾದ ಗೋಪುರವನ್ನು ಪರೀಕ್ಷಿಸಲು ಸರ್ಕಾರಿ ಕಟ್ಟಡಗಳ ಇಂಜಿನಿಯರ್ ಸಾಹೇಬರು ತಾವೇ ಬಡಗಿಯ ಅಂಗಡಿಗೆ ಬಂದರು. ಬಡಗಿಯ ನಮಸ್ಕಾರದ ಕಡೆ ತಿರುಗಿಯೂ ನೋಡದೆ ಗೋಪುರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು.

“ಏನಯ್ಯಾ ಇದು, ಅಡಿ ಹಲಗೆ ಇಷ್ಟು ತೆಳ್ಳಗಿದೆ? ನಿಂಗೆ ಕೆಲ್ಸ ಕಲ್ಸಿದೋನು ಯಾವನು?”

“ಎರಡಿಂಚು ಇದೆ ಸಾರ್. ತೇಗದ್ದು.”

“ಬಾಯಲ್ಲಿ ಎಲ್ರೂ ತೇಗ ಅಂತಾನೇ ಹೇಳ್ತಾರೆ.”

ಸಾಹೇಬರು ಜೇಬಿನಿಂದ ಟೇಪು ತೆಗೆದು ಹಲಗೆ ಅಳೆದರು. ಎರಡಿಂಚೇ ಇತ್ತು. ಅಷ್ಟಕ್ಕೆ ಬಿಡದೆ ನೆಲಕ್ಕೆ ಮಂಡಿಯೂರಿ, ಇಸ್ತ್ರಿ ಮಾಡಿದ ಪ್ಯಾಂಟಿಗೆ ಮರದ ಹೊಟ್ಟು ಮೆತ್ತಿಕೊಂಡು, ತಳದ ಸ್ಕ್ರೂಗಳನ್ನು ಒಂದೊಂದಾಗಿ ಒತ್ತಿ ನೋಡಿದರು.

“ನಮ್ಮ ಚಿನ್ನಿ ನಾಲ್ಕೂವರೆ ಕೆಜಿ ಇದಾಳೆ. ಹಾರಿ ಕೂತ್ರೆ ಇದು ಮಗುಚಿಕೊಳ್ಳಲ್ಲ ಅಂತ ಏನು ಗ್ಯಾರಂಟಿ?”

ಬಡಗಿ ಚಪ್ಪಲಿ ಬಿಟ್ಟು ಸರಸರನೆ ಹತ್ತಿ ಗೋಪುರದ ತುದಿಯಲ್ಲಿ ಕೂತ. ಅದು ಮಿಸುಕಲಿಲ್ಲ.

“ಸರಿ, ಸರಿ, ಇಳಿ,” ಎಂದರು ಸಾಹೇಬರು, ಮಂಡಿ ಕೊಡವಿಕೊಳ್ಳುತ್ತ. “ನಿಮ್ಮಂಥೋರನ್ನ ನಂಬಕ್ಕಾಗಲ್ಲ ಕಣಯ್ಯಾ. ನಾಳೆ ಒಂದು ಜೀವಕ್ಕೆ ಏಟಾದ್ರೆ ಯಾರು ಹೊಣೆ? ಅದಕ್ಕೇ ಕಣ್ಣಾರೆ ನೋಡ್ದೆ ನಾನು ಯಾವುದನ್ನೂ ಪಾಸ್ ಮಾಡಲ್ಲ.”

ಬಡಗಿ ಇಳಿಯಲಿಲ್ಲ. ಮೇಲಿನಿಂದಲೇ ಹೇಳಿದ:

“ಹೋದ್ವರ್ಷ ತಾರಸಿ ಕುಸಿದು ನನ್ನ ಮಗಳ ಕಾಲು ಮುರೀತಲ್ಲ ಸಾರ್, ಆ ಅಂಗನವಾಡೀನ ಪಾಸ್ ಮಾಡೋಕೆ ಬಂದಾಗ ನೀವು ಕಾರಿಂದ ಇಳೀಲೇ ಇಲ್ಲ.”