ಎರಡು ಹಾಳೆಗಳ ಅಂತರ

'ಅಕ್ಕರೆಯ ಮನುಷ್ಯ' ಎಂಬ ಮಾತಿನ ಮುಂದೆ ಪ್ರೆಬೆನ್‌ನ ಪೆನ್ನು ನಿಂತಿತು. ಒಂದರಿಂದ ಏಳರೊಳಗೆ ಯಾವುದಾದರೂ ಅಂಕಿಗೆ ಸುತ್ತು ಹಾಕಬೇಕಿತ್ತು. ಒಂದು ಎಂದರೆ ಆ ಮಾತು ತನಗೆ ಒಪ್ಪುವುದೇ ಇಲ್ಲ. ಏಳು ಎಂದರೆ ಪೂರ್ತಿ ಒಪ್ಪುತ್ತದೆ.

"ಬಿರ್ತೆ, ನಾನು ಹಂಗಾ?" ಎಂದು ಕೋಣೆಯ ಆಚೆ ತುದಿಯಲ್ಲಿ ಕೂತಿದ್ದ ಹೆಂಡತಿಯನ್ನು ಕೇಳಿದ.

"ಅವರನ್ನ ಕೇಳೋ ಹಾಗಿಲ್ಲ," ಸಂಶೋಧಕಿ ರಿಕ್ಕೆ ನಕ್ಕಳು. "ನಿಮ್ಮ ಬಗ್ಗೆ ನೀವೇ ಹೇಳ್ಬೇಕು. ಅವರೂ ನಿಮ್ಮ ಬಗ್ಗೇನೇ ಬರೀತಿದ್ದಾರೆ."

"ಮದುವೆ ಆದಾಗಿಂದ ನಾನು ಎಂಥವನು ಅಂತ ಹೇಳ್ತಿದ್ದಿದ್ದು ಅವಳೇ. ಈಗೇನು ಹೊಸ ಕಾನೂನು?"

ಮೆದುಳಿನ ಗಡ್ಡೆ ತೆಗೆಸಿದಂದಿನಿಂದ ಅವನು ತಮಾಷೆಯನ್ನೂ ಹವಾಮಾನ ವರದಿ ಓದಿದ ಹಾಗೆ ಹೇಳುತ್ತಿದ್ದ.

ಬಿರ್ತೆಯ ಹಾಳೆಯಲ್ಲಿ ತುಂಟ, ಕುತೂಹಲಿ, ಮುಂಗೋಪಿ, ಅಂಜುಬುರುಕ, ಎಲ್ಲಕ್ಕೂ ಒಂದೋ ಎರಡೋ. ಅಕ್ಕರೆಗೆ ಒಂದು. ಹೋದ ತಿಂಗಳು ಮಗಳು ತನ್ನ ಹಸುಗೂಸನ್ನು ಅವನ ತೋಳಿನಲ್ಲಿಟ್ಟರೆ, "ಆಯ್ತಲ್ಲ, ತಗೋ" ಎಂದು ವಾಪಸು ಕೊಟ್ಟು ರೈ ಬ್ರೆಡ್ಡಿಗೆ ಬೆಣ್ಣೆ ಸವರತೊಡಗಿದ್ದ. ಅತ್ತ ಮಗಳಿಗೆ ಬಿರ್ತೆ ಹೇಳಿದ್ದಳು: "ಅಪ್ಪಂಗೆ ಗೊತ್ತಾಗಲ್ಲ ಕಣೇ. ಏನು ಕಳ್ಕೊಂಡೆ ಅಂತ ಗೊತ್ತಿಲ್ದೋನಿಗೆ ನೋವೂ ಇಲ್ಲ." ಆ ಒಂದು ಮಾತನ್ನು ನೆಚ್ಚಿಕೊಂಡೇ ಅವಳು ದಿನ ತಳ್ಳುತ್ತಿದ್ದಳು.

ರಿಕ್ಕೆಗೆ ಹಾಳೆ ಕೊಡುವಾಗ ಪಿಸುದನಿಯಲ್ಲಿ ಕೇಳಿದಳು: "ಅವನು ಎಲ್ಲಾದಕ್ಕೂ ಏಳು ಹಾಕಿದ್ರೆ?"

"ತಾನು ಬದಲಾಗಿರೋದು ಅವರಿಗೆ ತಿಳಿದಿಲ್ಲ ಅಂತ ಅರ್ಥ."

ದೇವರೇ, ಏಳೇ ಹಾಕಿರಲಿ, ಎಂದುಕೊಂಡಳು ಬಿರ್ತೆ.

ರಿಕ್ಕೆ ಅಂಕಿಗಳನ್ನು ಕಂಪ್ಯೂಟರಿಗೆ ತುಂಬಿ ಮುಖವರಳಿಸಿದಳು. "ಅಂತರವೇ ಇಲ್ಲ! ಇಬ್ಬರದೂ ಹೆಚ್ಚೂಕಮ್ಮಿ ಒಂದೇ. ಇದು ಒಳ್ಳೇ ಸುದ್ದಿ. ಅವರಿಗೆ ತಮ್ಮ ಬಗ್ಗೆ ಪೂರ್ತಿ ಅರಿವಿದೆ."

ಬಿರ್ತೆ ನಗದೆ ಎದ್ದು ಪ್ರೆಬೆನ್‌ನ ಕೋಟನ್ನು ಕೈಗೆತ್ತಿಕೊಂಡಳು.

ಪಡಸಾಲೆಯಲ್ಲಿ ಅವನಿಗೆ ಕೋಟು ತೊಡಿಸುತ್ತಾ ಕೇಳಿದಳು. "ಮಗೂನ ಎತ್ಕೊಂಡಾಗ... ಆಗಲೂ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ಏನಾದ್ರೂ ಆಗುತ್ತಾ ಅಂತ ಕಾದೆ. ಆಗ್ಲಿಲ್ಲ."

ಅವಳ ಕೈ ಗುಂಡಿಯ ಮೇಲೆಯೇ ನಿಂತಿತು. ಉಳಿದ ಗುಂಡಿಗಳನ್ನು ಪ್ರೆಬೆನ್ ತಾನೇ ಹಾಕಿಕೊಂಡ.

"ಆ ಹಾಳೇಲಿ ಸೊನ್ನೆ ಇರಲಿಲ್ಲ ಬಿರ್ತೆ," ಎಂದ. "ಅದಕ್ಕೇ ಒಂದು ಹಾಕ್ದೆ."