ಅಣ್ಣನ ಮಂಡಿನೋವು

ಚಿಕಿತ್ಸೆಯ ಕೋಣೆಯಿಂದ ಹೊರಬಂದ ರೋಗಿಯನ್ನು ಕಂಡು ಡ್ರಾಯಿಂಗ್ ಮೇಷ್ಟ್ರು ಕೂತಲ್ಲೇ ಕಲ್ಲಾದರು. ಆಸ್ಪತ್ರೆಯ ನೀಲಿ ಅಂಗಿಯನ್ನು ಬೆನ್ನ ಹಿಂದೆ ಒಂದು ಕೈಯಲ್ಲಿ ಹಿಡಿದುಕೊಂಡು ಓಡುತ್ತಿದ್ದವನು ಅವರ ಸ್ವಂತ ಅಣ್ಣ. ಮಂಡಿನೋವಿಗೆ ತೋರಿಸ್ಕೊಳ್ತಿದ್ದೀನಿ ಎಂದು ತಿಂಗಳಿಂದ ಹೇಳಿಕೊಂಡು ಬಂದಿದ್ದ ಅಣ್ಣ.

"ಅಣ್ಣಾ, ನೀನಿಲ್ಲಿ?"

"ತಡಿಯೋ, ಹೋಗಿ ಬಂದ್ಬಿಡ್ತೀನಿ. ತಡ್ಕೊಳ್ಳೋಕಾಗಲ್ಲ," ಎನ್ನುತ್ತಾ ಅಣ್ಣ ಶೌಚಾಲಯಕ್ಕೆ ನುಗ್ಗಿದ.

ಆ ಅವಸರ ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಪ್ರಾಸ್ಟೇಟ್ ಕ್ಯಾನ್ಸರಿಗೆ ವಿಕಿರಣ ಕೊಡುವ ಮುನ್ನ ಮೂತ್ರಕೋಶ ತುಂಬಿದೆಯೇ ಎಂದು ಸ್ಕ್ಯಾನಿನಲ್ಲಿ ನೋಡುತ್ತಾರೆ. ಅದಕ್ಕೆಂದೇ ಅವರೂ ಮೂರು ಲೋಟ ನೀರು ಕುಡಿದು ಕೂತಿದ್ದರು. ದಿನಾ ಸಂಜೆ ಬರುತ್ತಿದ್ದವರಿಗೆ ಅಂದು ಮಾತ್ರ ಬೆಳಗಿನ ಸರದಿ ಬಿದ್ದಿತ್ತು. ಹನ್ನೆರಡು ದಿನದ ಚಿಕಿತ್ಸೆಗೇ ಉರಿಮೂತ್ರ ಹತ್ತಿಕೊಂಡಿತ್ತು. ಅಣ್ಣನ ಹತ್ತಿರ ಅವರೂ ಬಾಯಿ ಬಿಟ್ಟಿರಲಿಲ್ಲ.

ಅಣ್ಣ ಮರಳಿ ಬಂದು ಪಕ್ಕದಲ್ಲಿ ಕೂತ. ತಮ್ಮನ ಮೈಮೇಲಿದ್ದ ಅದೇ ನೀಲಿ ಅಂಗಿಯನ್ನು ಆಗಷ್ಟೇ ಕಂಡವನಂತೆ ಮುಟ್ಟಿ ನೋಡಿದ.

"ನಿನಗೂನಾ? ಅಪ್ಪ ಹೋಗಿದ್ದೂ ಇದರಿಂದಲೇ ಕಣೋ. ಅಮ್ಮ ನನಗೊಬ್ಬನಿಗೇ ಹೇಳಿದ್ದಳು. ಯಾರ ಹತ್ರಾನೂ ಬಾಯಿ ಬಿಡಬೇಡ ಅಂದಿದ್ದಳು."

"ಅಪ್ಪ ಹೋಗಿ ಇಪ್ಪತ್ತು ವರ್ಷ ಆಯ್ತು, ಒಂದ್ಸಲನೂ ಹೇಳಲಿಲ್ವಲ್ಲ ಅಣ್ಣ! ಗೊತ್ತಿದ್ದಿದ್ರೆ ಯಾವತ್ತೋ ಪರೀಕ್ಷೆ ಮಾಡಿಸ್ತಿದ್ದೆ."

ಒಳಗಿನಿಂದ ಟೆಕ್ನಿಷಿಯನ್ ಕರೆದಳು. ಮೇಷ್ಟ್ರು ಎದ್ದು, ತಮ್ಮ ಫೋನನ್ನು ಅಣ್ಣನ ಮಡಿಲಿಗೆ ಹಾಕಿದರು.

"ನಿನ್ನ ಮಗನಿಗೂ ಹೇಳು, ನನ್ನ ಮಗನಿಗೂ ಹೇಳು. ನಾನು ಹೊರಗೆ ಬರೋದ್ರೊಳಗೆ ಹೇಳಿರಬೇಕು."