ಮೇಲಿನ ಬೀದಿಯಲ್ಲಿ ಮೆಟ್ಟು

ಈಗಲೂ ತೊಗಲಿನ ಹೊಸ ಚಪ್ಪಲಿಗೆ ಹರಳೆಣ್ಣೆ ಸವರಿದ ವಾಸನೆ ಬಂದರೆ ನನ್ನ ಎರಡೂ ಕೈ ಭಾರವಾಗುತ್ತವೆ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ತೆರಕಣಾಂಬಿ ಹತ್ತಿರದ ನಮ್ಮೂರಿನಲ್ಲಿ ನಮ್ಮ ಕೇರಿಯ ಮೇಷ್ಟ್ರು ತೀರಿಕೊಂಡು ಒಂದು ತಿಂಗಳು. ನಮ್ಮ ಕೇರಿಯವರು ಬರಿಗಾಲಲ್ಲೇ ಹೋಗಬೇಕಿದ್ದ, ಮೇಲ್ಜಾತಿಯವರ ಮೇಲಿನ ಬೀದಿಯಲ್ಲಿ, ಅರ್ಜಿ ಬರೆದು, ಒದೆ ತಿಂದು, ಕಡೆಗೂ ಮೆಟ್ಟು ಮೆಟ್ಟಿ ನಡೆದು ತೋರಿಸಿದವರು ಅವರು. ಅವರ ಫೋಟೋವನ್ನು ಅದೇ ಬೀದಿಯಲ್ಲಿ ಶಾಲೆಯ ಬಯಲಿಗೆ ಒಯ್ಯಬೇಕೆಂದು ಹಿರಿಯರು ತೀರ್ಮಾನಿಸಿದ್ದರು.

ಮಧ್ಯಾಹ್ನದ ಬಿಸಿಲು. ಬೆಳಗಿನಿಂದ ಚಪ್ಪರ ಹಾಕಿ ದಣಿದಿದ್ದ ಅಪ್ಪ, ಫೋಟೋ ಎತ್ತಿಕೊಳ್ಳುವ ಮುಂಚೆ ತನ್ನ ಹೊಸ ಮೆಟ್ಟು ಬಿಟ್ಟು ನನ್ನ ಕೈಗೆ ಕೊಟ್ಟ. ಅವನನ್ನು ನೋಡಿ ಉಳಿದವರೂ ಬಿಟ್ಟರು.

ಕಲ್ಲಿನ ಮೇಲೆ ಕುಳಿತಿದ್ದ ಮೇಷ್ಟ್ರ ಹೆಂಡತಿ ಕೇಳಿದರು: "ಯಾಕಪ್ಪ ಬುಟ್ಟೆ?"

"ಅಣ್ಣಯ್ಯನ ಫೋಟೋ ಇಡ್ಕೊಂಡು ಮೆಟ್ಟು ಮೆಟ್ಟದಾ ಅಕ್ಕ? ದೇವ್ರಂಗಿದ್ರು."

"ಮರ್ವಾದೆ ಸರಿ ಕಣಪ್ಪ. ಆದ್ರೆ ಈ ಬೀದೀಲಿ ಬ್ಯಾಡ. ನಂಗೂ ಸಾಕಾಗೋಗದೆ, ಇನ್ನೊಂದ್ಸಲ ಯೋಳುಸ್ಬ್ಯಾಡ. ಮೆಟ್ಕೊ."

ನಾನು ಮೆಟ್ಟುಗಳನ್ನು ಅಪ್ಪನ ಕಾಲ ಬಳಿ ಇಟ್ಟೆ. ಅವನು ಮೆಟ್ಟಿಕೊಂಡು ಫೋಟೋ ಎತ್ತಿಕೊಂಡ, ಉಳಿದವರೂ ಮೆಟ್ಟಿಕೊಂಡರು. ಬೀದಿಯುದ್ದಕ್ಕೂ ಜಗಲಿ ಮೇಲೆ ಕುಳಿತಿದ್ದವರು ನಮ್ಮವರ ಕಾಲುಗಳನ್ನೇ ನೋಡುತ್ತಿದ್ದರು. ಹೊಸ ತೊಗಲು ಕಚ್ಚಿ ಅಪ್ಪ ಕುಂಟತೊಡಗಿದ, ಆದರೂ ಎಲ್ಲೂ ನಿಲ್ಲಲಿಲ್ಲ.

ಬೀದಿ ಮುಗಿಯಿತು. ಬಯಲಿನಲ್ಲಿ ಫೋಟೋವನ್ನು ಕುರ್ಚಿಯ ಮೇಲಿಟ್ಟು, ಅಪ್ಪ ಮೆಟ್ಟು ಬಿಟ್ಟು ಮತ್ತೆ ನನ್ನ ಕೈಗೆ ಕೊಟ್ಟ. ಆಮೇಲೆ ಬರಿಗಾಲಲ್ಲಿ ನಿಂತು ಮೇಷ್ಟ್ರಿಗೆ ಕೈ ಮುಗಿದ.